ಪೆನ್‌ಡ್ರೈವ್‌ನಲ್ಲಿರುವ ಮದುವೆ ಮನೆಯ ಟಿವಿಯಲ್ಲಿ ಕಾಣಬೇಕಾದರೆ

ಚನ್ನಪಟ್ಟಣದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮಗಳ ಮದುವೆಯಾಗಿ ಮೂರು ತಿಂಗಳಾದ ಮೇಲೆ ವಿಡಿಯೊ ಕೈಸೇರಿತು. ಭಾನುವಾರ ಮಾಗಡಿಯ ಬೀಗರನ್ನೂ ಕರೆಸಿ, ಊಟ ಮುಗಿಸಿ, ಎಲ್ಲರೂ ಟಿವಿ ಮುಂದೆ ಕೂತೆವು. ಪೆನ್‌ಡ್ರೈವ್ ಹಾಕಿದರೆ ಮೊದಲ ಫೈಲಿನಲ್ಲಿ ಚಿತ್ರ ಬಂತು, ಧ್ವನಿ ಬರಲಿಲ್ಲ. ಓಲಗವಿಲ್ಲದ ಧಾರೆಯನ್ನು ಐದು ನಿಮಿಷ ನೋಡಿದೆವು. ಎರಡನೆಯ ಫೈಲು ತೆರೆಯಲೇ ಇಲ್ಲ. ಡ್ರೋನ್ ದೃಶ್ಯಗಳಿದ್ದ ಹಾರ್ಡ್‌ಡಿಸ್ಕ್ ಜೋಡಿಸಿದಾಗ ಟಿವಿ ಒಂದು ಪ್ರಶ್ನೆ ಕೇಳಿತು: ‘ಈ ಸಾಧನವನ್ನು ಫಾರ್ಮ್ಯಾಟ್ ಮಾಡಬೇಕೆ?’ ರಿಮೋಟ್ ಹಿಡಿದಿದ್ದ ಹುಡುಗ ‘ಓಕೆ’ ಒತ್ತುವುದರಲ್ಲಿದ್ದ. ಒತ್ತಿದ್ದರೆ ಆ ಮದುವೆಯ ಅರ್ಧ ನೆನಪು ಅಲ್ಲೇ ಅಳಿಸಿಹೋಗುತ್ತಿತ್ತು.

ಆ ದಿನ ಯಾವ ಫೈಲೂ ಕೆಟ್ಟಿರಲಿಲ್ಲ, ಟಿವಿಯೂ ಕೆಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಮೂರೂ ಸರಿಹೋದವು. ಇಂಥ ಅನುಭವ ರಾಮನಗರ, ಕನಕಪುರದ ಮನೆಗಳಲ್ಲೂ ಆಗಿರುತ್ತದೆ. ನಮ್ಮ ಕಡೆ ಟಿವಿಗೆ ಪೆನ್‌ಡ್ರೈವ್ ಹಾಕುವುದು ಹೆಚ್ಚಾಗಿ ಮನೆಯ ಮದುವೆ, ಊರಿನ ಹಬ್ಬ ನೋಡಲಿಕ್ಕೆ: ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ, ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ತೇರು, ಕೆಂಗಲ್ ಆಂಜನೇಯನ ಜಾತ್ರೆ, ಕಬ್ಬಾಳಮ್ಮನ ಹಬ್ಬ, ಮಕ್ಕಳ ಶಾಲಾ ವಾರ್ಷಿಕೋತ್ಸವ. ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನವರು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಫೈಲು ಇಳಿಸಿಕೊಂಡು ಸಂಜೆ ರೈಲಿನಲ್ಲಿ ಮನೆಗೆ ತರುವುದೂ ಉಂಟು. ಅವರೆಲ್ಲರಿಗಾಗಿ ಈ ಲೇಖನ.

ತೊಂದರೆ ಎಲ್ಲಿದೆ? ಮೂರೇ ಜಾಗ

ಫೈಲು ಟಿವಿಯಲ್ಲಿ ಓಡದಿದ್ದರೆ ಕಾರಣ ಬಹುಪಾಲು ಈ ಮೂರರಲ್ಲಿ ಒಂದು. ಪೆನ್‌ಡ್ರೈವ್‌ನ ಜೋಡಣೆ ಟಿವಿಗೆ ಓದಲು ಬರುತ್ತಿಲ್ಲ. ಅಥವಾ ಚಿತ್ರವನ್ನು ಅಡಕಗೊಳಿಸಿದ ವಿಧಾನ ಟಿವಿಗೆ ಗೊತ್ತಿಲ್ಲ. ಅಥವಾ ಚಿತ್ರ ಗೊತ್ತಿದ್ದರೂ ಧ್ವನಿಯ ವಿಧಾನ ಗೊತ್ತಿಲ್ಲ. ಯಾವುದೆಂದು ಲಕ್ಷಣದಿಂದಲೇ ಹೇಳಬಹುದು:

- ಪೆನ್‌ಡ್ರೈವ್ ಕಾಣಿಸುವುದೇ ಇಲ್ಲ ಅಥವಾ ಟಿವಿ ‘ಫಾರ್ಮ್ಯಾಟ್ ಮಾಡಬೇಕೆ’ ಎನ್ನುತ್ತದೆ: ಜೋಡಣೆಯ ತೊಂದರೆ.
- ಫೈಲಿನ ಹೆಸರು ಕಾಣುತ್ತದೆ, ತೆರೆದರೆ ‘ಬೆಂಬಲವಿಲ್ಲ’ ಎನ್ನುತ್ತದೆ ಅಥವಾ ಪರದೆ ಕಪ್ಪಾಗಿ ಧ್ವನಿ ಮಾತ್ರ ಬರುತ್ತದೆ: ಚಿತ್ರದ ತೊಂದರೆ.
- ಚಿತ್ರ ಸರಿಯಾಗಿದೆ, ಧ್ವನಿಯಿಲ್ಲ: ಧ್ವನಿಯ ತೊಂದರೆ.
- ಚಿತ್ರ ತಡೆತಡೆದು ಓಡುತ್ತದೆ: ಫೈಲು ತೀರಾ ಭಾರವಾಗಿದೆ ಅಥವಾ ಹಾರ್ಡ್‌ಡಿಸ್ಕ್‌ಗೆ ವಿದ್ಯುತ್ ಸಾಲುತ್ತಿಲ್ಲ.

ಪೆನ್‌ಡ್ರೈವ್‌ನ ಜೋಡಣೆ

ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡಲು ಹಲವು ಪದ್ಧತಿಗಳಿವೆ. ಫ್ಯಾಟ್32 ಹಳೆಯದು. ಹಳೆಯ ಟಿವಿ, ಡಿವಿಡಿ ಪ್ಲೇಯರ್‌ಗಳೂ ಅದನ್ನು ಓದುತ್ತವೆ. ಆದರೆ ಅದರಲ್ಲಿ ಒಂದೇ ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್‌ಗೆ ಆ ಮಿತಿಯಿಲ್ಲ. ಈಚಿನ ಹಲವು ಸ್ಮಾರ್ಟ್ ಟಿವಿಗಳು ಇವೆರಡನ್ನೂ ಓದುತ್ತವೆ, ಹಳೆಯವು ಓದದೆ ಇರಬಹುದು.

ಮದುವೆ ವಿಡಿಯೊಗೆ ಈ 4 ಜಿಬಿ ಲೆಕ್ಕ ಮುಖ್ಯ. ಸಾಮಾನ್ಯ ಫುಲ್ ಎಚ್‌ಡಿ ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್ ವೇಗದಲ್ಲಿದ್ದರೆ ಗಂಟೆಗೆ ಸುಮಾರು 3.6 ಜಿಬಿ ಆಗುತ್ತದೆ. ಮೂರು ಗಂಟೆಯ ಮದುವೆ 10 ಜಿಬಿ ದಾಟುತ್ತದೆ. ಅದನ್ನು ಒಂದೇ ಫೈಲಾಗಿ ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಲು ಹೋದರೆ, ಎಷ್ಟೇ ಜಾಗ ಖಾಲಿಯಿದ್ದರೂ ಕಂಪ್ಯೂಟರ್ ‘ಫೈಲು ತೀರಾ ದೊಡ್ಡದು’ ಎಂದು ನಿಲ್ಲಿಸಿಬಿಡುತ್ತದೆ. ಆಗ ದಾರಿ ಎರಡು: ಟಿವಿ ಓದುವಂತಿದ್ದರೆ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಬಳಸುವುದು, ಓದದಿದ್ದರೆ ಚಪ್ಪರ, ಆರತಕ್ಷತೆ, ಮುಹೂರ್ತ, ಬೀಗರ ಔತಣ ಎಂದು ನಾಲ್ಕು ಫೈಲು ಮಾಡಿಸಿಕೊಳ್ಳುವುದು.

ಕೆಲವು ಸ್ಟುಡಿಯೋಗಳಲ್ಲಿ ಮ್ಯಾಕ್ ಕಂಪ್ಯೂಟರ್‌ನಲ್ಲಿ ಎಡಿಟಿಂಗ್ ನಡೆಯುತ್ತದೆ. ಮ್ಯಾಕ್‌ಗೆ ಮಾತ್ರ ಒಗ್ಗುವಂತೆ ಜೋಡಿಸಿದ ಹಾರ್ಡ್‌ಡಿಸ್ಕ್‌ ಬಹುತೇಕ ಟಿವಿಗಳಿಗೆ ಖಾಲಿ ಸ್ಲೇಟಿನಂತೆ ಕಾಣುತ್ತದೆ. ಅದಕ್ಕೇ ಅವು ಫಾರ್ಮ್ಯಾಟ್ ಮಾಡಲು ಕೇಳುವುದು. ಚಿಕ್ಕಮ್ಮನ ಮನೆಯಲ್ಲಿ ಆದದ್ದು ಇದೇ. ಇಲ್ಲಿ ಒಂದು ಮಾತು ನೆನಪಿರಲಿ: ಟಿವಿ ಫಾರ್ಮ್ಯಾಟ್ ಎಂದರೆ ‘ಬೇಡ’ ಎನ್ನಿ. ಆಂಡ್ರಾಯ್ಡ್ ಟಿವಿಗಳು ‘ಟಿವಿಯ ಸಂಗ್ರಹವಾಗಿ ಬಳಸಲೇ’ ಎಂದು ಕೇಳುವುದುಂಟು. ಅದಕ್ಕೆ ಒಪ್ಪಿದರೂ ಒಳಗಿರುವುದೆಲ್ಲ ಅಳಿಯುತ್ತದೆ. ಮೊದಲು ಫೈಲುಗಳನ್ನು ಕಂಪ್ಯೂಟರ್‌ಗೆ ನಕಲು ಮಾಡಿ, ಅಲ್ಲಿಂದ ಬೇರೆ ಪೆನ್‌ಡ್ರೈವ್‌ಗೆ ಹಾಕಿ.

ಯುಎಸ್‌ಬಿ ಕಿಂಡಿಯ ಬಗ್ಗೆಯೂ ಎರಡು ಮಾತು. ಕೆಲವು ಹಳೆಯ ಟಿವಿಗಳ ಯುಎಸ್‌ಬಿ ಕಿಂಡಿಯ ಮೇಲೆ ‘ಸರ್ವೀಸ್’ ಎಂದಷ್ಟೇ ಬರೆದಿರುತ್ತದೆ. ಅದು ರಿಪೇರಿಯವರಿಗೆ ಇರುವುದು, ಅದರಲ್ಲಿ ವಿಡಿಯೊ ಓಡದು. ಯುಎಸ್‌ಬಿ 2.0 ಕಿಂಡಿಯಲ್ಲಿ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪಿಯರ್ ವಿದ್ಯುತ್. ಪೆನ್‌ಡ್ರೈವ್‌ಗೆ ಅದು ಧಾರಾಳ. ಹಾರ್ಡ್‌ಡಿಸ್ಕ್‌ಗೆ ಸಾಲದೆ ಕಿಟಕಿಟ ಸದ್ದು ಮಾಡಿ ನಿಲ್ಲಬಹುದು. ಟಿವಿಯಲ್ಲಿ ಯುಎಸ್‌ಬಿ 3.0 ಕಿಂಡಿಯಿದ್ದರೆ ಅದಕ್ಕೇ ಹಾಕಿ. ಅಲ್ಲಿ 900 ಮಿಲಿಆಂಪಿಯರ್ ಸಿಗುತ್ತದೆ.

ಗೂಡು ಮತ್ತು ನೂಲು

ಎರಡನೆಯ ತೊಂದರೆಯನ್ನು ರಾಮನಗರದವರಿಗೆ ರೇಷ್ಮೆಗೂಡಿನಿಂದಲೇ ವಿವರಿಸಬಹುದು. ನೂರಾರು ಮೀಟರ್ ಎಳೆ ಒಂದು ಪುಟ್ಟ ಗೂಡಿನಲ್ಲಿ ಸುತ್ತಿಕೊಂಡಿರುತ್ತದೆ. ಅದನ್ನು ಬಿಚ್ಚಲು ನೂಲು ಬಿಚ್ಚಾಣಿಕೆ ಬಲ್ಲವರೇ ಬೇಕು. ವಿಡಿಯೊ ಫೈಲೂ ಹಾಗೆಯೇ. ಕ್ಯಾಮೆರಾ ಹಿಡಿದ ಚಿತ್ರವನ್ನು ಹಾಗೇ ಇಟ್ಟರೆ ಯಾವ ಪೆನ್‌ಡ್ರೈವೂ ಸಾಲದು. ಅದನ್ನು ಒತ್ತಿ ಸುತ್ತಿ ಸಣ್ಣದು ಮಾಡಿರುತ್ತಾರೆ. ಸುತ್ತಿದ ವಿಧಾನ ಗೊತ್ತಿದ್ದರಷ್ಟೇ ಟಿವಿ ಅದನ್ನು ಬಿಚ್ಚಿ ತೋರಿಸಬಲ್ಲದು. ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು.

ಫೈಲಿನ ಹೆಸರಿನ ಕೊನೆಯಲ್ಲಿ ಕಾಣುವ ಎಂಪಿ4, ಎಂಕೆವಿ, ಎವಿಐ, ಎಂಒವಿ ಇವು ಬರೀ ಗೂಡು ತುಂಬಿದ ಚೀಲಗಳು. ಒಂದೇ ಬಗೆಯ ಚೀಲದಲ್ಲಿ ಹಳದಿ ಮಿಶ್ರತಳಿಯೂ ಇರಬಹುದು, ಬಿಳಿ ದ್ವಿತಳಿಯೂ ಇರಬಹುದು. ಹಾಗೇ ಎರಡು ಎಂಪಿ4 ಫೈಲುಗಳಲ್ಲಿ ಒಂದು ಓಡಿ ಇನ್ನೊಂದು ಓಡದಿರುವುದು ಸಹಜ. ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದಿ ಎಂಕೆವಿಯನ್ನು ಎಂಪಿ4 ಎಂದು ಬರೆದರೆ ಪ್ರಯೋಜನವಿಲ್ಲ. ಚೀಲದ ಮೇಲಿನ ಚೀಟಿ ಬದಲಾಯಿತೇ ಹೊರತು ಒಳಗಿನ ಗೂಡು ಅದೇ.

ನೀವು ಗುರುತಿಡಬೇಕಾದ ಕೋಡೆಕ್‌ಗಳು ಮೂರು. 2003ರಲ್ಲಿ ಬಂದ ಎಚ್.264 ಅನ್ನು ಇವತ್ತಿನ ಎಲ್ಲ ಸ್ಮಾರ್ಟ್ ಟಿವಿಗಳೂ, ಹಳೆಯ ಎಲ್‌ಇಡಿ ಟಿವಿಗಳಲ್ಲಿ ಬಹುಪಾಲೂ ಓಡಿಸುತ್ತವೆ. 2013ರ ಎಚ್.265, ಅಂದರೆ ಎಚ್‌ಇವಿಸಿ, ಅದೇ ಗುಣಮಟ್ಟವನ್ನು ಸುಮಾರು ಅರ್ಧ ಜಾಗದಲ್ಲಿ ಕೊಡುತ್ತದೆ. 4ಕೆ ಟಿವಿಗಳಿಗೆ ಅದು ಸಲೀಸು, ಹಳೆಯ ಫುಲ್ ಎಚ್‌ಡಿ ಟಿವಿಗಳಿಗೆ ಕಷ್ಟ. 2018ರ ಎವಿ1 ಇನ್ನೂ ಹೊಸದು, ಈಚಿನ ಟಿವಿಗಳಲ್ಲಿ ಮಾತ್ರ ಓಡುತ್ತದೆ. ಇದಲ್ಲದೆ ಎಡಿಟಿಂಗ್‌ಗೆಂದು ಕ್ಯಾಮೆರಾದಲ್ಲಿ 10 ಬಿಟ್, 4:2:2 ಎಂಬ ಹೆಚ್ಚಿನ ಬಣ್ಣದ ವಿಧಾನದಲ್ಲಿ ಹಿಡಿದ ಮೂಲ ಫೈಲುಗಳನ್ನು ಹೊಸ ಟಿವಿಗಳೂ ಸಾಮಾನ್ಯವಾಗಿ ಓಡಿಸುವುದಿಲ್ಲ.

ಅದಕ್ಕೇ ಸ್ಟುಡಿಯೋದವರಿಗೆ ಮುಂಗಡ ಕೊಡುವ ದಿನವೇ ಹೀಗೆ ಹೇಳಿ: ‘ಟಿವಿಯಲ್ಲಿ ನೋಡಲು ಎಂಪಿ4 ಫೈಲು ಬೇಕು. ಚಿತ್ರ ಎಚ್.264, 8 ಬಿಟ್, 1080ಪಿ. ಧ್ವನಿ ಎಎಸಿ. ಒಂದೊಂದು ಫೈಲೂ 4 ಜಿಬಿಗಿಂತ ಚಿಕ್ಕದಾಗಿರಲಿ. ಮೂಲ 4ಕೆ ಫೈಲುಗಳನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಕೊಡಿ.’ ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಕೆಲಸ ಬಲ್ಲ ಯಾವ ಎಡಿಟರ್‌ಗೂ ಇದು ಕಷ್ಟವಲ್ಲ.

ಮಂಗಳವಾದ್ಯ ಕೇಳದಿದ್ದರೆ

ಚಿತ್ರವಿದ್ದು ಧ್ವನಿಯಿಲ್ಲದಿದ್ದರೆ ಮೊದಲು ರಿಮೋಟ್‌ನ ಆಡಿಯೊ ಗುಂಡಿ ಒತ್ತಿ ನೋಡಿ. ಕೆಲವು ಫೈಲುಗಳಲ್ಲಿ ಎರಡು ಮೂರು ಧ್ವನಿಪಟ್ಟಿಗಳಿರುತ್ತವೆ, ಅವುಗಳಲ್ಲಿ ಒಂದು ಓಡಬಹುದು. ಹಾಗಾಗದಿದ್ದರೆ ಧ್ವನಿಯ ಕೋಡೆಕ್ ಟಿವಿಗೆ ಒಗ್ಗಿಲ್ಲ ಎಂದರ್ಥ. ಸಿನಿಮಾ ಫೈಲುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಡಿಟಿಎಸ್. ಸ್ಯಾಮ್‌ಸಂಗ್ ತನ್ನ 2018ರ ಟಿವಿಗಳಿಂದ ಮುಂದೆ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಕೈಬಿಟ್ಟು 2023ರಲ್ಲಿ ಕೆಲವು ಮಾದರಿಗಳಿಗೆ ಮತ್ತೆ ಸೇರಿಸಿತು. ಹಾಗಾಗಿ ಹಳೆಯ ಟಿವಿಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಫೈಲು ಹೊಸ ಟಿವಿಯಲ್ಲಿ ಮೂಕವಾಗಬಹುದು. ಮದುವೆ ವಿಡಿಯೊಗಳಲ್ಲಿ ಪಿಸಿಎಂ ಎಂಬ ಅಡಕಗೊಳಿಸದ ಧ್ವನಿಯಿಂದಲೂ ಇದೇ ತೊಂದರೆ. ಚಿಕ್ಕಮ್ಮನ ಮನೆಯ ಓಲಗ ಕೇಳದಿದ್ದುದು ಇದರಿಂದಲೇ.

ಎರಡು ಉಚಿತ ಔಷಧಿ

ಮೊದಲನೆಯದು ವಿಎಲ್‌ಸಿ. ಪ್ಯಾರಿಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸದಿಂದ ಬೆಳೆದ ಈ ಪ್ಲೇಯರ್ ಇವತ್ತಿಗೂ ಉಚಿತ, ಜಾಹೀರಾತೂ ಇಲ್ಲ. ಟಿವಿಯ ಸ್ವಂತ ಪ್ಲೇಯರ್‌ಗೆ ಬಾರದ ಬಹಳಷ್ಟು ಕೋಡೆಕ್‌ಗಳನ್ನು ಇದು ತಾನೇ ಬಿಚ್ಚಿಕೊಳ್ಳುತ್ತದೆ. ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಇದ್ದವರು ಪ್ಲೇ ಸ್ಟೋರ್‌ನಿಂದ ಹಾಕಿಕೊಂಡು ಫೈಲನ್ನು ಅದರಲ್ಲಿ ತೆರೆಯಬಹುದು. ಧ್ವನಿ ಬಾರದ ಫೈಲಿಗೆ ಬಹಳ ಸಲ ಇಷ್ಟೇ ಸಾಕು. ಬೇರೆ ಬಗೆಯ ಟಿವಿಯಿದ್ದರೆ ಎಚ್‌ಡಿಎಂಐ ಕಿಂಡಿಗೆ ಆಂಡ್ರಾಯ್ಡ್ ಬಾಕ್ಸ್ ಅಥವಾ ಸ್ಟಿಕ್ ಜೋಡಿಸಿದರೆ ಅದೇ ಅನುಕೂಲ ಸಿಗುತ್ತದೆ.

ಎರಡನೆಯದು ಹ್ಯಾಂಡ್‌ಬ್ರೇಕ್, ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಉಚಿತ ತಂತ್ರಾಂಶ. ಓಡದ ಫೈಲನ್ನು ಟಿವಿಗೆ ಒಗ್ಗುವಂತೆ ಇದು ಮತ್ತೆ ಸುತ್ತಿಕೊಡುತ್ತದೆ:

1. ಪೆನ್‌ಡ್ರೈವ್‌ನ ಫೈಲನ್ನು ಮೊದಲು ಕಂಪ್ಯೂಟರ್‌ಗೆ ನಕಲು ಮಾಡಿ.
2. ಹ್ಯಾಂಡ್‌ಬ್ರೇಕ್ ತೆರೆದು ಆ ಫೈಲನ್ನು ಅದರೊಳಗೆ ಎಳೆದು ಬಿಡಿ.
3. ಪ್ರೀಸೆಟ್ ಪಟ್ಟಿಯಲ್ಲಿ ‘ಫಾಸ್ಟ್ 1080ಪಿ30’ ಆರಿಸಿ. ಇದರಿಂದ ಎಚ್.264 ಚಿತ್ರ, ಎಎಸಿ ಧ್ವನಿಯ ಎಂಪಿ4 ತಯಾರಾಗುತ್ತದೆ.
4. ಹೊಸ ಫೈಲಿಗೆ ಬೇರೆ ಹೆಸರು ಕೊಟ್ಟು ಶುರು ಮಾಡಿ. ಹಳೆಯ ಕಂಪ್ಯೂಟರ್ ಆದರೆ ಕೆಲವು ಗಂಟೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ.
5. ಮುಗಿದ ಮೇಲೆ ಒಂದೆರಡು ಕಡೆ ಓಡಿಸಿ ನೋಡಿ, ಪೆನ್‌ಡ್ರೈವ್‌ಗೆ ಹಾಕಿ. ಮೂಲ ಫೈಲನ್ನು ಅಳಿಸಬೇಡಿ.

ತಡೆತಡೆದು ಓಡುವ ಡ್ರೋನ್ ದೃಶ್ಯಗಳಿಗೂ ಇದೇ ಔಷಧಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಹಿಡಿದ 4ಕೆ ವಿಡಿಯೊ ಗಂಟೆಗೆ 45 ಜಿಬಿ ತೂಗುತ್ತದೆ. ಸಾಧಾರಣ ಟಿವಿಗೆ ಅದು ಹೊರಲಾರದ ಹೊರೆ. 1080ಪಿಗೆ ಇಳಿಸಿದರೆ ಸಲೀಸಾಗಿ ಓಡುತ್ತದೆ.

ಫೈಲಿಗೆ ಹೆಸರಿಡುವಾಗ 01, 02 ಎಂದು ಸಂಖ್ಯೆಯಿಂದ ಶುರುಮಾಡಿ. ಟಿವಿ ಅದೇ ಕ್ರಮದಲ್ಲಿ ತೋರಿಸುತ್ತದೆ. ಕನ್ನಡದ ಹೆಸರು ಕೆಲವು ಟಿವಿಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ. ಹಾಗಾದರೆ ಇಂಗ್ಲಿಷ್ ಅಕ್ಷರ ಬಳಸಿ. ಉಪಶೀರ್ಷಿಕೆಯ ಎಸ್‌ಆರ್‌ಟಿ ಫೈಲಿದ್ದರೆ ಅದಕ್ಕೂ ವಿಡಿಯೊಗೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರ್‌ನಲ್ಲಿಡಿ. ಕನ್ನಡ ಉಪಶೀರ್ಷಿಕೆಯನ್ನು ಯುಟಿಎಫ್-8 ವಿಧಾನದಲ್ಲಿ ಉಳಿಸಿರಬೇಕು.

ಫೋನಿನಲ್ಲಿರುವ ಜಾತ್ರೆ

ತೇರು ಎಳೆಯುವುದನ್ನು ಈಗ ಎಲ್ಲರೂ ಫೋನಿನಲ್ಲೇ ಹಿಡಿಯುತ್ತಾರೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಫೈಲು ಕುಗ್ಗುತ್ತದೆ, 43 ಇಂಚಿನ ಪರದೆಯಲ್ಲಿ ಮುಖಗಳು ಮಸುಕಾಗುತ್ತವೆ. ಅದೇ ವಿಡಿಯೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. 2 ಜಿಬಿವರೆಗಿನ ಫೈಲನ್ನು ಹೀಗೆ ಕಳಿಸಬಹುದು. ಎರಡು ತುದಿಯ ಪೆನ್‌ಡ್ರೈವ್ ಅಥವಾ ಒಟಿಜಿ ಕೊಂಡಿಯಿದ್ದರೆ ಕಂಪ್ಯೂಟರ್ ಇಲ್ಲದೆಯೂ ಫೋನಿನಿಂದ ನೇರವಾಗಿ ನಕಲು ಮಾಡಬಹುದು.

ಐಫೋನ್‌ಗಳು 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ಹಿಡಿಯತೊಡಗಿವೆ. ಹಳೆಯ ಟಿವಿಯಲ್ಲಿ ಅದು ಓಡದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಮುಂದಿನ ವಿಡಿಯೊಗಳು ಎಚ್.264ರಲ್ಲಿ ಬರುತ್ತವೆ. ಇನ್ನೊಂದು ಮಾತು: ಟಿವಿಯಲ್ಲಿ ನೋಡುವ ಉದ್ದೇಶವಿದ್ದರೆ ಫೋನನ್ನು ಅಡ್ಡ ಹಿಡಿದು ಚಿತ್ರಿಸಿ. ಉದ್ದ ಹಿಡಿದರೆ ಪರದೆಯ ಎರಡೂ ಬದಿ ಕಪ್ಪಾಗಿ ತೇರು ನಡುವಿನ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಪೆನ್‌ಡ್ರೈವ್ ಇಲ್ಲದೆ ತೋರಿಸಬೇಕಾದರೆ ಫೋನೂ ಟಿವಿಯೂ ಒಂದೇ ವೈಫೈನಲ್ಲಿದ್ದು ‘ಕಾಸ್ಟ್’ ಮಾಡಬಹುದು. ಇಡೀ ಫೋನಿನ ಪರದೆಯನ್ನೇ ಟಿವಿಗೆ ಕಳಿಸುವ ಮಿರರಿಂಗ್‌ನಲ್ಲಿ ಚಿತ್ರ ತಡವರಿಸುವುದು ಹೆಚ್ಚು. ದೀರ್ಘ ವಿಡಿಯೊಗೆ ಅದು ಬೇಡ. ಲ್ಯಾಪ್‌ಟಾಪ್ ಇದ್ದರೆ ಎಚ್‌ಡಿಎಂಐ ಕೇಬಲ್ ಎಲ್ಲಕ್ಕಿಂತ ನಂಬಿಕಸ್ಥ ದಾರಿ. ಫೈಲನ್ನು ಬಿಚ್ಚುವ ಕೆಲಸ ಲ್ಯಾಪ್‌ಟಾಪಿನದು, ಟಿವಿ ಬರೀ ಪರದೆಯಾಗುತ್ತದೆ.

ಬೀರುವಿನಲ್ಲಿರುವ ಹಳೆಯ ಸಿಡಿ

ಇಪ್ಪತ್ತು ವರ್ಷದ ಹಿಂದಿನ ಮದುವೆಗಳು ಸಿಡಿ, ಡಿವಿಡಿಯಲ್ಲಿವೆ. ಪ್ಲೇಯರ್ ಮೂಲೆ ಸೇರಿದ್ದರೂ ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್‌ನಿಂದ ಅವನ್ನು ಹೊರತೆಗೆಯಬಹುದು. ವಿಡಿಯೊ ಸಿಡಿಯಾದರೆ ‘ಎಂಪೆಗ್‌ಎವಿ’ ಫೋಲ್ಡರ್‌ನೊಳಗಿನ ಡಿಎಟಿ ಫೈಲುಗಳಲ್ಲಿ, ಡಿವಿಡಿಯಾದರೆ ‘ವಿಡಿಯೊ ಟಿಎಸ್’ ಫೋಲ್ಡರ್‌ನ ವಿಒಬಿ ಫೈಲುಗಳಲ್ಲಿ ಮದುವೆ ಇರುತ್ತದೆ. ಮನೆಯ ಡಿವಿಡಿಯನ್ನು ಹ್ಯಾಂಡ್‌ಬ್ರೇಕ್ ನೇರವಾಗಿ ಓದಿ ಒಂದೇ ಎಂಪಿ4 ಮಾಡುತ್ತದೆ. ನಮ್ಮ ದೇಶದ ವಿಡಿಯೊ ಸಿಡಿಯ ಚಿತ್ರ ಕೇವಲ 352 × 288 ಚುಕ್ಕಿಗಳದ್ದು. ದೊಡ್ಡ ಟಿವಿಯಲ್ಲಿ ಅದು ಮಸುಕಾಗಿಯೇ ಕಾಣುತ್ತದೆ. ಆದರೂ ಈಗಲೇ ತೆಗೆದಿಡಿ. ಬೂಸ್ಟು ಹಿಡಿದು, ಗೀರು ಬಿದ್ದು ಸಿಡಿ ಓದದಂತಾದ ಮೇಲೆ ತೆಗೆಯುವುದು ಕಷ್ಟ.

ಯಾವುದನ್ನು ಇಳಿಸಿಕೊಳ್ಳಬೇಕು, ಯಾವುದನ್ನು ಇಳಿಸಿಕೊಳ್ಳಬಾರದು

ಒಟಿಟಿ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿದ ಸಿನಿಮಾ ಬೀಗ ಹಾಕಿದ ಫೈಲು. ಅದು ಆ ಆ್ಯಪ್‌ನೊಳಗೆ ಮಾತ್ರ ಓಡುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಯೂಟ್ಯೂಬ್ ಆ್ಯಪ್‌ನ ಡೌನ್‌ಲೋಡ್ ಕೂಡ ಹಾಗೆಯೇ.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಅದರ ಹಕ್ಕು ಉಳಿಯುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ ಮುಗಿಯಿತು. ನಮ್ಮ ರಾಮದೇವರಬೆಟ್ಟದ ಬುಡದಲ್ಲೇ ಚಿತ್ರೀಕರಣಗೊಂಡ ‘ಶೋಲೆ’ 1975ರದ್ದು, ಅದರ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ, ಅಂಥ ಪ್ರತಿ ಹಂಚುವವರಿಗೆ 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ಹೊಸ ಸಿನಿಮಾದ ಕಳ್ಳ ಪ್ರತಿಯನ್ನು ಮನೆಗೆ ತರಬೇಡಿ.

ಇನ್ನೊಂದು ಅಪಾಯ ಎಪಿಕೆ ಫೈಲು. ಮದುವೆಯ ಕರೆಯೋಲೆ, ಮದುವೆಯ ವಿಡಿಯೊ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ವಿಡಿಯೊ ಆಗಿರಲು ಸಾಧ್ಯವೇ ಇಲ್ಲ. ಅದು ಫೋನಿನೊಳಗೆ ಕೂರುವ ಆ್ಯಪ್. ಒತ್ತಿದರೆ ಬ್ಯಾಂಕ್ ಖಾತೆಗೇ ಕನ್ನ ಬೀಳಬಹುದು. ಕಳಿಸಿದವರು ನೆಂಟರೇ ಆಗಿದ್ದರೂ ಒಮ್ಮೆ ಫೋನ್ ಮಾಡಿ ಕೇಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೋಡಿದ ಮೇಲೆ ಉಳಿಸಿ

ಪೆನ್‌ಡ್ರೈವ್ ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಉಳಿಸಲು ಅಲ್ಲ. ಬಳಸದೆ ಇಟ್ಟರೆ ಅದರೊಳಗಿನ ವಿದ್ಯುತ್ ಕಣಗಳು ನಿಧಾನವಾಗಿ ಸೋರಿ ಮಾಹಿತಿ ಹಾಳಾಗಬಹುದು. ಆದ್ದರಿಂದ ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿರಲಿ, ಇನ್ನೊಂದು ತವರಿನಲ್ಲೋ ಬೀಗರ ಮನೆಯಲ್ಲೋ ಇರಲಿ. ಸಾಧ್ಯವಾದರೆ ಮೂರನೆಯದು ಆನ್‌ಲೈನ್ ಸಂಗ್ರಹದಲ್ಲಿರಲಿ. ವರ್ಷಕ್ಕೊಮ್ಮೆ, ಮದುವೆಯ ದಿನದಂದೇ, ತೆರೆದು ನೋಡಿ.

ರಾಮನಗರದ ಪಕ್ಕದಲ್ಲೇ ಜಾನಪದ ಲೋಕವಿದೆ. ಹಳ್ಳಿಗಳ ಹಾಡು ಕುಣಿತಗಳು ಹಾಡುವವರೊಂದಿಗೇ ಮುಗಿದುಹೋಗಬಾರದೆಂದು ಎಚ್.ಎಲ್. ನಾಗೇಗೌಡರು ಅವನ್ನು ದಾಖಲಿಸಿ ಕಾಪಾಡಿದ ಜಾಗ ಅದು. ಸೋಬಾನೆ ಹೇಳಿದ ಅಜ್ಜಿ, ಬೀಗರನ್ನು ಎದುರುಗೊಂಡ ಸೋದರಮಾವ, ಈಗ ಇಲ್ಲದ ಎಷ್ಟೋ ಹಿರಿಯರು ನಿಮ್ಮ ಪೆನ್‌ಡ್ರೈವ್‌ನಲ್ಲೂ ಇದ್ದಾರೆ. ಅವರು ಮುಂದಿನವರಿಗೆ ಕಾಣುವುದು ನಿಮ್ಮ ಕೈಯಲ್ಲಿದೆ. ಈ ಭಾನುವಾರ ಬೀರು ತೆರೆಯಿರಿ, ಇರುವುದನ್ನೆಲ್ಲ ಹೊರತೆಗೆದು ಎರಡು ಪ್ರತಿ ಮಾಡಿ. ಮನೆಯ ಹಿರಿಯರನ್ನು ಟಿವಿ ಮುಂದೆ ಕೂರಿಸಿ ಯಾರು ಯಾರೆಂದು ಕೇಳಿ, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಹಾರ್ಡ್‌ಡಿಸ್ಕ್‌ನ ಜೊತೆಗೇ ಇಡಿ.